ಪಾತಿ ಅವರದು, ಗಿಡ ನಮ್ಮದು

ಕಳೆದ ತಿಂಗಳ ಅಂಕಣದ ಕೊನೆಯಲ್ಲಿ ಇಂಗ್ಲೆಂಡಿನ ಎರಡು ರೋಮನ್ ತೋಟಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಗಳ ಬಾಣಂತನಕ್ಕೆಂದು ಬ್ರಿಸ್ಟಲ್‌ಗೆ ಹೋಗಿದ್ದಾಗ ನೋಡಿದವು. ಒಂದು ಸಾಮರ್ಸೆಟ್‌ನ ಹ್ಯಾಡ್‌ಸ್ಪೆನ್ ಎಸ್ಟೇಟಿನಲ್ಲಿದೆ, ಈಗ ಆ ಜಾಗಕ್ಕೆ ‘ದಿ ನ್ಯೂಟ್’ ಎಂದು ಹೆಸರು. ಇನ್ನೊಂದು ಚಿಚೆಸ್ಟರ್ ಊರಿನ ಪಕ್ಕದ ಫಿಶ್‌ಬೋರ್ನ್‌ನಲ್ಲಿದೆ. ರೋಮನ್ನರ ಕಾಲದಲ್ಲಿ ಮನೆ-ತೋಟ ಹೇಗಿತ್ತೋ ಹಾಗೆಯೇ ಮತ್ತೆ ಬೆಳೆಸಿ ತೋರಿಸುವ ಪ್ರಯತ್ನ ಎರಡೂ ಕಡೆ ನಡೆದಿದೆ. ಸಾಮಾನ್ಯವಾಗಿ ನನಗೆ ಬರುವ ಪತ್ರಗಳಲ್ಲಿ ಅಡಿಕೆಯ ಕೊಳೆರೋಗ, ಮಂಗನ ಕಾಟ, ಮಲ್ಲಿಗೆ ಮೊಗ್ಗು ಉದುರುವುದು ಇವೇ ಇರುತ್ತವೆ. ಈ ಸಲ ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ನಾಲ್ಕು ಸಾಲಿನ ಮೇಲೆಯೇ ಇವೆ. ಆರನ್ನು ಆರಿಸಿಕೊಂಡಿದ್ದೇನೆ. ಕೊಳೆರೋಗದವರು ಬೇಸರ ಮಾಡಿಕೊಳ್ಳಬೇಡಿ, ಮುಂದಿನ ತಿಂಗಳು ಪೂರ್ತಿ ನಿಮಗೇ.

ಮೇಡಂ, ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ಕಲ್ಲು ಉಳಿಯುತ್ತದೆ, ನಾಣ್ಯ ಉಳಿಯುತ್ತದೆ, ಶಾಸನ ಉಳಿಯುತ್ತದೆ. ಗಿಡ ಉಳಿಯುವುದಿಲ್ಲ. ಎರಡು ಸಾವಿರ ವರ್ಷದ ಹಿಂದಿನ ತೋಟ ಹೀಗೇ ಇತ್ತು ಎಂದು ಯಾವ ಧೈರ್ಯದ ಮೇಲೆ ಹೇಳುತ್ತಾರೆ? ಇದು ಸಿನಿಮಾ ಸೆಟ್ ಹಾಕಿದ ಹಾಗಲ್ಲವೇ?
– ನಿವೃತ್ತ ಶಿಕ್ಷಕರು, ಧಾರವಾಡ

ನಿಮ್ಮ ಅನುಮಾನವನ್ನೇ ಹೊತ್ತುಕೊಂಡು ನಾನೂ ಹೋಗಿದ್ದೆ ಸರ್. ಅದರಲ್ಲೂ ಹ್ಯಾಡ್‌ಸ್ಪೆನ್‌ನ ವಿಷಯದಲ್ಲಿ. 1785ರಿಂದ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಹಾಬ್‌ಹೌಸ್ ಮನೆತನದ ಕೈಯಲ್ಲಿದ್ದ ಜಮೀನು ಅದು. ತೋಟಗಾರಿಕೆಯ ಪುಸ್ತಕ ಓದುವವರಿಗೆ ಗೊತ್ತಿರುವ ಪೆನೆಲೊಪಿ ಹಾಬ್‌ಹೌಸ್ ದುಡಿದದ್ದು ಇಲ್ಲಿಯೇ. 2013ರಲ್ಲಿ ದಕ್ಷಿಣ ಆಫ್ರಿಕಾದ ಕೂಸ್ ಬೆಕ್ಕರ್ ಮತ್ತು ಕ್ಯಾರೆನ್ ರೂಸ್ ದಂಪತಿ ಅದನ್ನು ಕೊಂಡರು. 2019ರಲ್ಲಿ ಹೋಟೆಲು, ತೋಟ ತೆರೆದರು. ದುಡ್ಡಿದ್ದವರು, ಹೋಟೆಲು ಬೇರೆ. ಬಂದವರನ್ನು ಖುಷಿಪಡಿಸಲು ನಾಲ್ಕು ಕಂಬ ನಿಲ್ಲಿಸಿ ರೋಮ್ ಎಂದಿರಬೇಕು ಅಂದುಕೊಂಡಿದ್ದೆ.

ಅಲ್ಲಿ ಕಂಡದ್ದು ಬೇರೆ. ಆ ಎಸ್ಟೇಟಿನ ನೆಲದೊಳಗೆ ನಿಜವಾಗಿಯೂ ಒಂದು ರೋಮನ್ ವಿಲ್ಲಾದ, ಅಂದರೆ ಹಳ್ಳಿಗಾಡಿನ ದೊಡ್ಡ ಮನೆಯ, ಬುನಾದಿ ಇದೆ. ಅದನ್ನು ಅಗೆದು ನೋಡಿ, ಆ ಅವಶೇಷವನ್ನು ಹಾಗೆಯೇ ಉಳಿಸಿ, ಮೇಲೆ ಮ್ಯೂಸಿಯಂ ಕಟ್ಟಿದ್ದಾರೆ. ಹೊಸ ಮನೆ, ಹೊಸ ತೋಟ ಅದರ ಮೇಲೆ ಬಂದಿಲ್ಲ, ಸ್ವಲ್ಪ ಆಚೆಗೆ ಬಂದಿವೆ. 2022ರಲ್ಲಿ ತೆರೆದ ಆ ಮನೆಗೆ ‘ವಿಲ್ಲಾ ವೆಂಟೋರಮ್’ ಎಂದು ಹೆಸರಿಟ್ಟಿದ್ದಾರೆ. ಲ್ಯಾಟಿನ್‌ನಲ್ಲಿ ಗಾಳಿಗಳ ಮನೆ ಎಂದರ್ಥ, ಗುಡ್ಡದ ಇಳಿಜಾರಿನಲ್ಲಿ ನಿಂತರೆ ಹೆಸರು ಸರಿ ಅನ್ನಿಸುತ್ತದೆ. ಮೊದಲು ಮ್ಯೂಸಿಯಂನಲ್ಲಿ ನೆಲದಿಂದ ಸಿಕ್ಕ ಗೋಡೆಯ ಸಾಲನ್ನು ನೋಡುತ್ತೀರಿ. ಆಮೇಲೆ ಹೊರಗೆ ಬಂದು, ಆ ಸಾಲಿನ ಮೇಲೆ ಇವರು ಊಹಿಸಿ ಕಟ್ಟಿದ್ದನ್ನು ನೋಡುತ್ತೀರಿ. ಸಿಕ್ಕಿದ್ದು ಇಷ್ಟು, ನಾವು ಸೇರಿಸಿದ್ದು ಇಷ್ಟು ಎಂದು ಕಣ್ಣಿಗೇ ತಿಳಿಯುತ್ತದೆ. ಸೆಟ್ ಹಾಕುವವರು ಈ ಗೆರೆಯನ್ನು ಅಳಿಸಿಬಿಡುತ್ತಾರೆ. ಇಲ್ಲಿ ಅಳಿಸಿಲ್ಲ. ನನಗೆ ಮುಖ್ಯವಾದದ್ದು ಅದು.

ಆದರೆ ನಿಮ್ಮ ಪ್ರಶ್ನೆ ಗಿಡದ್ದು. ಅದಕ್ಕೆ ಉತ್ತರ ಬೇಕಾದರೆ ಫಿಶ್‌ಬೋರ್ನ್‌ಗೆ ಬರಬೇಕು.

1960ರಲ್ಲಿ ಅಲ್ಲಿ ನೀರಿನ ಪೈಪು ಹಾಕಲು ನೆಲ ಅಗೆಯುವಾಗ ಹಳೆಯ ಕಟ್ಟಡದ ಕುರುಹು ಸಿಕ್ಕಿತು. ಮಾರನೇ ವರ್ಷದಿಂದ ಬ್ಯಾರಿ ಕನ್ಲಿಫ್ ಎಂಬ ಪುರಾತತ್ವಜ್ಞರು, ಆಗಿನ್ನೂ ಎಳೆಯ ಪ್ರಾಯದವರು, ಉತ್ಖನನ ಹಿಡಿದರು. ಸುಮಾರು ಕ್ರಿ.ಶ. 75ರಲ್ಲಿ ಕಟ್ಟಿ, 270ರ ಸುಮಾರಿಗೆ ಬೆಂಕಿ ಬಿದ್ದು ಹಾಳಾದ ಒಂದು ಅರಮನೆಯೇ ಹೊರಬಂತು. ಅದರ ನಾಲ್ಕು ಪಡಸಾಲೆಗಳ ನಡುವೆ ದೊಡ್ಡ ಖಾಲಿ ಅಂಗಳ. ಬೇರೆಯವರಾಗಿದ್ದರೆ ಅಂಗಳವೆಂದು ಬಿಟ್ಟು ಗೋಡೆಯ ಹಿಂದೆ ಹೋಗುತ್ತಿದ್ದರೇನೋ. ಇವರು ಖಾಲಿ ಜಾಗದ ಮಣ್ಣನ್ನೂ ಪದರ ಪದರವಾಗಿ ಕೆರೆದರು. ಅಲ್ಲಿನ ಮೂಲ ಮಣ್ಣು ಜಲ್ಲಿ, ಜೇಡಿ ಬೆರೆತದ್ದು, ಗಿಡಕ್ಕೆ ಆಗದ್ದು. ಆ ಮಣ್ಣಿನಲ್ಲಿ ಕಪ್ಪಗಿನ ಪಟ್ಟಿಗಳು ಕಾಣಿಸಿದವು. ರೋಮನ್ ತೋಟದವರು ಉದ್ದಕ್ಕೆ ಅಗಳು ತೋಡಿ, ಬೇರೆ ಕಡೆಯ ಒಳ್ಳೆಯ ಮಣ್ಣು ತುಂಬಿ, ಬೇಲಿಗಿಡ ನೆಟ್ಟ ಗುರುತು ಅದು.

ಅಡಿಕೆ ಹೊಸ ತೋಟ ಎಬ್ಬಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಂಡಿ ತೋಡಿ ಕಾಡುಮಣ್ಣು, ಗೊಬ್ಬರ ಹಾಕಿ ಮುಚ್ಚಿದ ಜಾಗವನ್ನು ಐವತ್ತು ವರ್ಷ ಬಿಟ್ಟು ಅಗೆದರೂ ಬಣ್ಣ ಬೇರೆಯೇ ಇರುತ್ತದೆ. ನಮ್ಮ ಮನೆಯ ಹಿಂದೆ ಮಾವನವರು ಬಾಳೆ ಹಾಕಿದ್ದ ಗುಂಡಿಯೊಂದು ಮೊನ್ನೆ ಬಸಿಗಾಲುವೆ ಸರಿಮಾಡುವಾಗ ಸಿಕ್ಕಿತು. ಸುತ್ತ ಕೆಂಪು ಮುರಕಲ್ಲಿನ ಮಣ್ಣು, ನಡುವೆ ಬಟ್ಟಲಿನ ಆಕಾರದಲ್ಲಿ ಕಪ್ಪು. ಮಾವನವರು ಹೋಗಿ ಇಪ್ಪತ್ತಾರು ವರ್ಷವಾಯಿತು. ಮಣ್ಣು ಅವರ ಗುದ್ದಲಿಯ ಅಳತೆಯನ್ನು ಹಿಡಿದಿಟ್ಟುಕೊಂಡಿತ್ತು.

ಫಿಶ್‌ಬೋರ್ನ್‌ನ ಪಟ್ಟಿಗಳು ನೇರವಾಗಿ ಓಡುತ್ತ, ನಡುನಡುವೆ ಅರ್ಧಚಂದ್ರಾಕಾರದಲ್ಲಿ, ಚೌಕಾಕಾರದಲ್ಲಿ ಒಳಗೆ ಬಾಗುತ್ತವೆ. ಆ ಗೂಡುಗಳಲ್ಲಿ ಏನಿತ್ತೋ, ಬೊಂಬೆಯೋ ಬೆಂಚೋ ಹೂಕುಂಡವೋ, ಮಣ್ಣು ಹೇಳುವುದಿಲ್ಲ. ಕಾರಂಜಿಗೆ ನೀರು ಒಯ್ಯುತ್ತಿದ್ದ ಸುಟ್ಟಮಣ್ಣಿನ ಕೊಳವೆಗಳೂ ಸಿಕ್ಕಿವೆ. 1968ರಲ್ಲಿ ಮ್ಯೂಸಿಯಂ ತೆರೆದು, ಅದೇ ಅಗಳಿನಲ್ಲೇ ಬಾಕ್ಸ್ ಎಂಬ ಗಿಡ ನೆಟ್ಟು ಬೇಲಿ ಎಬ್ಬಿಸಿದರು. ಬಾಕ್ಸ್ ಎಂದರೆ ಸಣ್ಣ ಎಲೆಯ, ವರ್ಷವಿಡೀ ಹಸಿರಾಗಿರುವ, ಎಷ್ಟು ಕತ್ತರಿಸಿದರೂ ದಟ್ಟವಾಗಿ ಚಿಗುರುವ ಗಿಡ. ಇಲ್ಲಿ ಬಾಕ್ಸೇ ಇತ್ತು ಎಂಬುದು ಊಹೆ. ಆದರೆ ಬುಡವಿಲ್ಲದ ಊಹೆಯಲ್ಲ: ರೋಮನ್ನರ ಬರಹಗಳಲ್ಲಿ ಬೇಲಿ ಎಂದರೆ ಮೊದಲು ಬರುವುದು ಬಾಕ್ಸ್. ಅಂಗಳದ ಅರ್ಧವನ್ನಷ್ಟೇ ಇವತ್ತು ನೋಡಬಹುದು. ಉಳಿದರ್ಧ ಈಗಿನ ಜನರ ಮನೆ, ರಸ್ತೆಯ ಅಡಿಯಲ್ಲಿದೆ.

ಇನ್ನೂ ಗಟ್ಟಿಯಾದ ಸಾಕ್ಷಿ ಬೇಕೆಂದರೆ ಇಟಲಿಯ ಪೊಂಪೇಯಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಊರೇ ಬೂದಿ, ಕಲ್ಲುಪುಡಿಯಲ್ಲಿ ಹೂತುಹೋಯಿತಲ್ಲ, ಗಿಡಗಳೂ ಹೂತುಹೋದವು. ಬೇರು ಕೊಳೆತ ಮೇಲೆ ಅದಿದ್ದ ಜಾಗ ಮಣ್ಣಿನಲ್ಲಿ ಪೊಳ್ಳಾಗಿ ಉಳಿಯಿತು. ವಿಲ್ಹೆಲ್ಮಿನಾ ಜಾಶೆಮ್‌ಸ್ಕಿ ಎಂಬ ಅಮೆರಿಕದ ವಿದ್ವಾಂಸೆ 1960ರ ದಶಕದಿಂದ ಅಲ್ಲಿ ದುಡಿದರು. ಆ ಪೊಳ್ಳಿನೊಳಗೆ ಬಿದ್ದಿದ್ದ ಕಲ್ಲುಪುಡಿಯನ್ನು ಜೋಪಾನವಾಗಿ ತೆಗೆದು, ತಂತಿ ಇಳಿಸಿ, ಸಿಮೆಂಟು ಹೊಯ್ದು, ಗಟ್ಟಿಯಾದ ಮೇಲೆ ಸುತ್ತಲಿನ ಮಣ್ಣು ಬಿಡಿಸಿದರೆ ಬೇರಿನ ರೂಪ ಕೈಗೆ ಬರುತ್ತದೆ. ದನದ ಸಂತೆ ಎಂದು ಎಲ್ಲರೂ ತಿಳಿದಿದ್ದ ಒಂದು ದೊಡ್ಡ ಬಯಲಿನಲ್ಲಿ ಈ ರೀತಿ ಎರಡು ಸಾವಿರ ದ್ರಾಕ್ಷಿ ಬಳ್ಳಿಗಳ ಬೇರಿನ ಗುರುತು ಸಿಕ್ಕಿತು. ಪಕ್ಕದಲ್ಲಿ ಬಳ್ಳಿ ಹಬ್ಬಿಸಲು ನೆಟ್ಟ ಗೂಟದ ತೂತುಗಳೂ ಇದ್ದವು. ಊರ ಗೋಡೆಯೊಳಗೇ ಅಷ್ಟು ದೊಡ್ಡ ದ್ರಾಕ್ಷಿ ತೋಟ!

ಹಾಗಾಗಿ ಸರ್, ಗಿಡ ಉಳಿಯುವುದಿಲ್ಲ ಎಂಬ ನಿಮ್ಮ ಮಾತು ಅರ್ಧ ಸರಿ. ಗಿಡಕ್ಕಾಗಿ ಮನುಷ್ಯ ಅಗೆದದ್ದು ಉಳಿಯುತ್ತದೆ. ಪಾತಿ ಅವರದು, ಗಿಡ ನಮ್ಮದು. ಇದನ್ನು ಒಪ್ಪಿಕೊಂಡು ನೋಡಿದರೆ ಫಿಶ್‌ಬೋರ್ನ್‌ನ ಬೇಲಿ ನಿಮಗೂ ಮೆಚ್ಚುಗೆಯಾಗುತ್ತದೆ.

ನಮಸ್ತೆ ಅಕ್ಕ. ಅಂಥ ತೋಟದಲ್ಲಿ ಯಾವ ಯಾವ ಹೂವು, ತರಕಾರಿ ಇರುತ್ತವೆ? ಇಟಲಿ ಎಂದರೆ ಟೊಮೆಟೊ ನೆನಪಾಗುತ್ತದೆ. ನೀವು ಅದರ ಹೆಸರೇ ಬರೆದಿಲ್ಲ.
– ಗೃಹಿಣಿ, ಮಂಗಳೂರು

ಟೊಮೆಟೊ ಇಲ್ಲವೇ ಇಲ್ಲ ತಂಗಿ. ಟೊಮೆಟೊ, ಆಲೂಗಡ್ಡೆ, ಹಸಿಮೆಣಸು, ಸೂರ್ಯಕಾಂತಿ, ಡೇರೆ ಹೂವು ಎಲ್ಲವೂ ಅಮೆರಿಕ ಖಂಡದವು, ಕೊಲಂಬಸ್ ಹೋಗಿಬಂದ ಮೇಲೆ ಈ ಕಡೆ ಬಂದವು. ರೋಮನ್ ತೋಟದಲ್ಲಿ ಟೊಮೆಟೊ ಗಿಡ ಕಂಡರೆ ಆ ತೋಟ ಮಾಡಿದವರನ್ನು ನಂಬಬೇಡಿ.

ಇರುವುದು ಯಾವುವು ಎಂದರೆ ಗುಲಾಬಿ, ಲಿಲ್ಲಿ, ನೇರಳೆ ಬಣ್ಣದ ವಯೊಲೆಟ್, ಗಸಗಸೆ, ಐವಿ ಬಳ್ಳಿ, ಲಾರೆಲ್, ಮಿರ್ಟಲ್, ರೋಸ್‌ಮೇರಿ, ಅಗಲ ಎಲೆಯ ಅಕ್ಯಾಂಥಸ್. ಹಣ್ಣಿನಲ್ಲಿ ಅಂಜೂರ, ದಾಳಿಂಬೆ, ದ್ರಾಕ್ಷಿ, ಸೇಬು, ಪೇರ್. ಅಡುಗೆಗೆ ಎಲೆಕೋಸು, ಲೀಕ್, ಸಬ್ಬಸಿಗೆ, ಕೊತ್ತಂಬರಿ. ಹೌದು, ನಮ್ಮ ಕೊತ್ತಂಬರಿಯೇ. ಬ್ರಿಟನ್ನಿನಲ್ಲಿ ಕೊತ್ತಂಬರಿ, ಸಬ್ಬಸಿಗೆ ಹರಡಿದ್ದು ರೋಮನ್ನರ ಕಾಲದಲ್ಲಿ. ಸಾರಿನ ಒಗ್ಗರಣೆಗೆಂದು ಮಗಳು ಅಂಗಡಿಯಿಂದ ಕಟ್ಟು ತಂದಾಗಲೆಲ್ಲ ನನಗೆ ಇದು ನೆನಪಾಗುತ್ತಿತ್ತು.

ನಿಮಗೆ ಗುರುತಾಗುವ ಇನ್ನೊಂದು ಗಿಡ ಕಣಗಿಲೆ. ನಾವು ದೇವರಿಗೆ ಏರಿಸುವ ಅದೇ ಕೆಂಪು ಕಣಗಿಲೆ. ಪೊಂಪೇಯಿಯ ಗೋಡೆಯ ಚಿತ್ರಗಳಲ್ಲಿ ಅದು ತುಂಬ ಕಡೆ ಬರುತ್ತದೆ. ರೋಮಿನ ಹೊರಗೆ ಪ್ರಿಮಾ ಪೋರ್ಟಾ ಎಂಬಲ್ಲಿ ಅಗಸ್ಟಸ್ ಚಕ್ರವರ್ತಿಯ ಹೆಂಡತಿ ಲಿವಿಯಾಳ ವಿಲ್ಲಾ ಇತ್ತು. 1863ರಲ್ಲಿ ಅಲ್ಲಿ ಒಂದು ಕೋಣೆ ಸಿಕ್ಕಿತು, ನಾಲ್ಕೂ ಗೋಡೆಗೆ ಒಂದೇ ತೋಟದ ಚಿತ್ರ. ದಾಳಿಂಬೆ ಕಾಯಿ ಬಿರಿದಿದೆ, ಹಕ್ಕಿ ಕೂತಿದೆ, ಹಿಂದೆ ಕಣಗಿಲೆ, ಲಾರೆಲ್. ಈಗ ಆ ಗೋಡೆಗಳನ್ನು ರೋಮಿನ ಪಲಾಟ್ಸೊ ಮಾಸ್ಸಿಮೊ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ತೋಟ ಮತ್ತೆ ಬೆಳೆಸುವವರು ಗಿಡದ ಪಟ್ಟಿ ಮಾಡುವಾಗ ಮೊದಲು ನೋಡುವುದು ಇಂಥ ಚಿತ್ರಗಳನ್ನು. ಚಿತ್ರದಲ್ಲಿ ಎಲ್ಲ ಕಾಲದ ಹೂವೂ ಹಣ್ಣೂ ಒಟ್ಟಿಗೇ ಇವೆ, ಅದೊಂದನ್ನು ಮಾತ್ರ ಯಾವ ತೋಟದವನಿಗೂ ಮಾಡಿ ತೋರಿಸಲು ಆಗುವುದಿಲ್ಲ.

ನಮ್ಮ ಕಾಳುಮೆಣಸು ರೋಮಿಗೆ ಹೋಗುತ್ತಿತ್ತು ಎಂದು ಓದಿದ್ದೇನೆ. ಹಾಗಾದರೆ ಅವರ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ್ದರೇ?
– ಮೆಣಸು ಬೆಳೆಗಾರರು, ಸಿದ್ದಾಪುರ

ಬಳ್ಳಿ ಹೋಗಲಿಲ್ಲ, ಕಾಳು ಮಾತ್ರ ಹೋಯಿತು. ಅಲ್ಲಿಯ ಚಳಿಗೆ ನಮ್ಮ ಬಳ್ಳಿ ಒಂದು ಮಾಗಿಯೂ ತಾಳುವುದಿಲ್ಲ. ಆದರೆ ಊಟದ ಮನೆಗೆ ಬಂದರೆ ನಿಮ್ಮ ಬೆಳೆ ಎದುರಿಗೇ ಸಿಗುತ್ತದೆ. 1ನೇ ಶತಮಾನದಲ್ಲಿ ಹಿರಿಯ ಪ್ಲಿನಿ ಎಂಬ ರೋಮನ್ ಪಂಡಿತ ಮೆಣಸಿನ ಧಾರಣೆಯನ್ನೇ ಬರೆದಿಟ್ಟಿದ್ದಾನೆ: ಒಂದು ರೋಮನ್ ಪೌಂಡಿಗೆ ಹಿಪ್ಪಲಿ 15 ದಿನಾರಿ (ರೋಮನ್ನರ ಬೆಳ್ಳಿ ನಾಣ್ಯ), ಬಿಳಿ ಮೆಣಸು 7, ಕರಿ ಮೆಣಸು 4. ಹಿಪ್ಪಲಿಗೆ ಕರಿಮೆಣಸಿನ ನಾಲ್ಕು ಪಟ್ಟು ಹತ್ತಿರ! ಖಾರವೊಂದನ್ನು ಬಿಟ್ಟರೆ ಹಿಡಿಸುವಂಥದ್ದು ಏನೂ ಇಲ್ಲದ ಈ ಕಾಳಿಗೆ ಜನ ಹೀಗೆ ಮುಗಿಬೀಳುವುದೇಕೆ ಎಂದು ಆತನಿಗೆ ಆಶ್ಚರ್ಯ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಭಾರತಕ್ಕೆ ಹರಿದುಹೋಗುತ್ತಿದೆ ಎಂದು ಬೇಸರವನ್ನೂ ಪಟ್ಟುಕೊಂಡಿದ್ದಾನೆ. ಆದರೆ ಮೆಣಸಿನ ಗಿಡವನ್ನು ಆತ ಕಂಡವನಲ್ಲ. ಜೂನಿಪರ್ ಮರದ ಹಾಗಿರುತ್ತದೆ ಎಂದು ಬರೆಯುತ್ತಾನೆ. ಮರಕ್ಕೆ ಹಬ್ಬಿದ ಬಳ್ಳಿ, ಎಲೆಯ ಬುಡದಲ್ಲಿ ಜೋತ ಕಾಳಿನ ಗೊಂಚಲು, ಇದು ಆತನ ಕಣ್ಣಿಗೆ ಬೀಳಲೇ ಇಲ್ಲ. ಪುಸ್ತಕವನ್ನಷ್ಟೇ ನಂಬಿ ತೋಟ ಮಾಡಬಾರದು ಎನ್ನುವುದಕ್ಕೆ ನಾನು ಇದನ್ನೇ ಉದಾಹರಣೆ ಕೊಡುತ್ತೇನೆ.

ಹೋದ ಹಣ ಎಲ್ಲಿಗೆ ಬಂತು ಎಂಬುದಕ್ಕೆ ನಮ್ಮಲ್ಲಿಯೇ ಗುರುತಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ. ಚಂದ್ರವಳ್ಳಿಯಲ್ಲಿ 1947ರಲ್ಲಿ ಉತ್ಖನನ ಮಾಡಿಸಿದ ಮಾರ್ಟಿಮರ್ ವೀಲರ್ ಅದಕ್ಕೆ ಮುಂಚೆ ಇಂಗ್ಲೆಂಡಿನ ವೆರುಲೇಮಿಯಮ್ ಎಂಬ ರೋಮನ್ ಪಟ್ಟಣವನ್ನು ಅಗೆಸಿದವರು. ಇನ್ನು, 1992ರಲ್ಲಿ ಇಂಗ್ಲೆಂಡಿನ ಹಾಕ್ಸ್‌ನ್ ಎಂಬ ಹಳ್ಳಿಯ ಹೊಲದಲ್ಲಿ ರೋಮನ್ ಕಾಲದ ನಿಧಿ ಸಿಕ್ಕಿತು. ಅದರಲ್ಲಿ ಮೆಣಸಿನ ಪುಡಿ ಉದುರಿಸುವ ಬೆಳ್ಳಿ ಡಬ್ಬಿಗಳಿವೆ. ಒಂದು ಸಿಂಗಾರ ಮಾಡಿಕೊಂಡ ಹೆಂಗಸಿನ ರೂಪದಲ್ಲಿದೆ, ಬ್ರಿಟಿಷ್ ಮ್ಯೂಸಿಯಂನಲ್ಲಿ ನೋಡಿದೆ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು. ನಮ್ಮ ಕರಾವಳಿಯ ಕಡೆಯಿಂದ ಹಡಗು ಹತ್ತಿದ ಸರಕಿಗೆ ಅಷ್ಟು ಮರ್ಯಾದೆ.

ಮೇಡಂ, ಚಿತ್ರದಲ್ಲಿ ನೋಡಿ ಆಸೆಪಟ್ಟು ಬಾಕ್ಸ್ ಗಿಡ ಇಪ್ಪತ್ತು ತಂದು ಟೆರೇಸಿನಲ್ಲಿಟ್ಟೆ. ಎರಡು ತಿಂಗಳಲ್ಲಿ ಹದಿನಾರು ಒಣಗಿದವು. ಏನು ತಪ್ಪು ಮಾಡಿದೆ? ಬೇರೆ ಗಿಡ ಹಾಕಿದರೆ ರೋಮನ್ ತೋಟ ಎನ್ನಬಹುದೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನಿಮ್ಮ ನೋವು ಗೊತ್ತಾಗುತ್ತದೆ. ಹನ್ನೆರಡು ವರ್ಷದ ಹಿಂದೆ ನಾನೂ ಒಂದು ನರ್ಸರಿಯಿಂದ ನಲವತ್ತು ಬಾಕ್ಸ್ ಸಸಿ ತಂದು ಮನೆಯ ಮುಂದಿನ ದಾರಿಗೆ ಎರಡು ಸಾಲು ನೆಟ್ಟಿದ್ದೆ. ಯಾವ ಹವೆಗೂ ಬರುತ್ತದೆ ಎಂದು ಹೇಳಿ ಕೊಟ್ಟಿದ್ದರು. ಶಿರಸಿಯ ಮಳೆ ಆಷಾಢ ಕಳೆಯುವ ಹೊತ್ತಿಗೆ ಬೇರನ್ನು ಕೊಳೆಸಿಬಿಟ್ಟಿತು. ಮೂವತ್ತೊಂದು ವರ್ಷ ತೋಟಗಾರಿಕೆಯಲ್ಲೇ ಕೆಲಸ ಮಾಡಿದವಳು, ನೀರು ನಿಲ್ಲುವ ಕಡೆ ಬಾಕ್ಸ್ ಉಳಿಯದು ಎಂದು ತಿಳಿದವಳು, ಮಾರುವವರ ಮಾತು ಕೇಳಿದೆ. ಆ ದುಃಖ ಈಗಲೂ ಇದೆ. ನಿಮ್ಮ ಟೆರೇಸಿನಲ್ಲಿ ಇದಕ್ಕೆ ತಿರುಗುಮುರುಗು ಆಗಿರುತ್ತದೆ. ಸಿಮೆಂಟಿನ ಕಾವು ಕುಂಡದ ಬೇರನ್ನು ಬೇಯಿಸಿರುತ್ತದೆ.

ಬಾಕ್ಸಿಗೆ ಅದರ ಸ್ವಂತ ಊರಿನಲ್ಲೂ ಈಗ ಸುಖವಿಲ್ಲ. 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು: ಎಲೆಗೆ ಕಂದು ಚುಕ್ಕೆ, ಎಳೆ ಕಾಂಡಕ್ಕೆ ಕಪ್ಪು ಗೀರು, ಆಮೇಲೆ ಕೊಂಬೆಯೇ ಬೋಳು. ಅದರ ಹಿಂದೆ ಪೂರ್ವ ಏಷ್ಯಾದ ಒಂದು ಪತಂಗ ಬಂತು. 2007ರ ಸುಮಾರಿಗೆ ಯೂರೋಪಿನಲ್ಲಿ ಕಾಣಿಸಿ, 2011ರ ಹೊತ್ತಿಗೆ ಇಂಗ್ಲೆಂಡಿನ ಮನೆ ತೋಟಗಳನ್ನು ಹೊಕ್ಕಿತು. ಮಗಳ ಮನೆಯ ನೆರೆಯವರ ಬೇಲಿಯಲ್ಲಿ ನಾನು ನೋಡಿದೆ. ಹೊರಗಿನಿಂದ ಬೇಲಿ ಹಸಿರಾಗಿಯೇ ಇತ್ತು. ಕೈಯಿಂದ ಎಲೆ ಸರಿಸಿದರೆ ಒಳಗೆ ಜೇಡರ ಬಲೆಯಂಥ ಎಳೆ, ಎಳೆಗೆ ಅಂಟಿದ ಹಿಕ್ಕೆ, ಹಸಿರು-ಹಳದಿ ಮೈಗೆ ಕಪ್ಪು ಪಟ್ಟೆಯ ಹುಳ. ಒಂದೊಂದು ಎಲೆಯಲ್ಲೂ ನಡುನರ ಮಾತ್ರ ಉಳಿದಿತ್ತು. ಆ ಮನೆಯ ಅಜ್ಜಿ ಕನ್ನಡಕ ಏರಿಸಿ ದಿನಾ ಬೆಳಿಗ್ಗೆ ಹುಳ ಹೆಕ್ಕಿ ಸಾಬೂನು ನೀರಿನ ಡಬ್ಬಿಗೆ ಹಾಕುತ್ತಿದ್ದರು. ನಾನೂ ನಾಲ್ಕು ದಿನ ಜೊತೆಗೆ ಕೂತೆ. ಮಾತು ಇಬ್ಬರಿಗೂ ಅಷ್ಟಕ್ಕಷ್ಟೇ, ಹುಳ ಹೆಕ್ಕಲು ಅದೇನೂ ಬೇಕಾಗಲಿಲ್ಲ.

ಬೇರೆ ಗಿಡ ಹಾಕಬಹುದೇ ಎಂಬುದಕ್ಕೆ ಒಬ್ಬ ರೋಮನ್ನನೇ ಉತ್ತರ ಕೊಟ್ಟಿದ್ದಾನೆ. ಹಿರಿಯ ಪ್ಲಿನಿಯ ಸೋದರಿಯ ಮಗ, ಅವನ ಹೆಸರೂ ಪ್ಲಿನಿಯೇ, ಸಮುದ್ರದ ದಂಡೆಯ ತನ್ನ ಲಾರೆಂಟಮ್ ವಿಲ್ಲಾದ ಬಗ್ಗೆ ಗೆಳೆಯನಿಗೆ ಕಾಗದ ಬರೆಯುತ್ತಾನೆ. ತಿರುಗಾಡುವ ದಾರಿಯ ಅಂಚಿಗೆ ಬಾಕ್ಸ್ ಹಾಕಿದ್ದೇವೆ, ಬಾಕ್ಸ್ ಬಾರದ ಕಡೆ ರೋಸ್‌ಮೇರಿ ಹಾಕಿದ್ದೇವೆ, ಯಾಕೆಂದರೆ ಬಯಲಿನ ಗಾಳಿ, ಸಮುದ್ರದ ಹನಿ ತಾಗಿದರೆ ಬಾಕ್ಸ್ ಒಣಗುತ್ತದೆ ಎನ್ನುತ್ತಾನೆ. ಮಣ್ಣು ಒಪ್ಪದ ಕಡೆ ಗಿಡ ಬದಲಿಸುವುದು ಅವರ ರೂಢಿಯೇ. ಹಾಗಾಗಿ ನೀವು ಧೈರ್ಯವಾಗಿ ಕಾಮಿನಿ ಗಿಡ ಹಾಕಿ. ಬೆಂಗಳೂರಿನ ನರ್ಸರಿಗಳಲ್ಲಿ ಮುರಯ ಎಂದರೂ ಕೊಡುತ್ತಾರೆ. ಗಿಡದಿಂದ ಗಿಡಕ್ಕೆ ಒಂದಡಿ. ಉದ್ದ ತೊಟ್ಟಿ ಆದಷ್ಟೂ ಆಳವಿರಲಿ, ತೂತು ಕಟ್ಟಿಕೊಳ್ಳದಂತೆ ತಳಕ್ಕೆ ಹೆಂಚಿನ ಚೂರು ಹಾಕಿ. ಕತ್ತರಿಸುವಾಗ ಬುಡ ಅಗಲ, ತಲೆ ಸಪುರ ಇರುವಂತೆ ಓರೆಯಾಗಿ ಕತ್ತರಿಸಿ. ನೆಟ್ಟಗೆ ಕತ್ತರಿಸಿದರೆ ಮೇಲಿನ ಎಲೆಯ ನೆರಳು ಬಿದ್ದು ಬುಡ ಬೋಳಾಗುತ್ತದೆ. ಫಿಶ್‌ಬೋರ್ನ್‌ನಲ್ಲಿ ಬೇಲಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ನಾನು ಮೊದಲು ನೋಡಿದ್ದು ಬುಡವನ್ನೇ. ಕತ್ತರಿಯನ್ನು ಪ್ರತಿ ಸಾಲಿಗೂ ಸ್ಪಿರಿಟ್ಟಿನಲ್ಲಿ ಒರೆಸಿಕೊಳ್ಳಿ. ಉಳಿದ ನಾಲ್ಕು ಬಾಕ್ಸನ್ನು ಮಧ್ಯಾಹ್ನದ ಬಿಸಿಲು ತಾಗದ ಮೂಲೆಗೆ ಸರಿಸಿ, ಬದುಕಬಹುದು.

ಅಜ್ಜಿ, ಇಷ್ಟು ದೊಡ್ಡ ತೋಟಗಳನ್ನು ಯಾರು ನೋಡಿಕೊಳ್ಳುತ್ತಿದ್ದರು? ಅವರ ಬಗ್ಗೆ ಏನಾದರೂ ಗೊತ್ತಿದೆಯಾ?
– ಪಿಯುಸಿ ವಿದ್ಯಾರ್ಥಿನಿ, ಮೈಸೂರು

ಈ ತಿಂಗಳ ಪತ್ರಗಳಲ್ಲಿ ನನಗೆ ತುಂಬ ಹಿಡಿಸಿದ್ದು ನಿನ್ನದು ಪುಟ್ಟೀ. ಅಲಂಕಾರದ ತೋಟ ನೋಡಿಕೊಳ್ಳುವವನಿಗೆ ಲ್ಯಾಟಿನ್‌ನಲ್ಲಿ ‘ಟೋಪಿಯಾರಿಯಸ್’ ಎಂದು ಹೆಸರು. ಗಿಡವನ್ನು ಆಕಾರಕ್ಕೆ ಕತ್ತರಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಟೋಪಿಯರಿ ಅನ್ನುತ್ತಾರಲ್ಲ, ಆ ಮಾತು ಬಂದದ್ದು ಇಲ್ಲಿಂದ. ಈ ಕೆಲಸದವರಲ್ಲಿ ಬಹಳ ಮಂದಿ ಗುಲಾಮರು, ಇಲ್ಲವೇ ಗುಲಾಮಗಿರಿಯಿಂದ ಬಿಡುಗಡೆ ಪಡೆದವರು. ನಾವು ಚಂದ ಚಂದ ಎಂದು ನೋಡುವ ಪ್ರತಿಯೊಂದು ರೋಮನ್ ಪಾತಿಯ ಹಿಂದೆ ಮಾರಾಟಕ್ಕೆ ಇಟ್ಟ ಮನುಷ್ಯನ ಬೆನ್ನಿದೆ. ಹೊಸದಾಗಿ ಕಟ್ಟಿದ ತೋಟಗಳಲ್ಲಿ ಕಾರಂಜಿ ಇರುತ್ತದೆ, ಬಿಸಿನೀರಿನ ಸ್ನಾನದ ಮನೆ ಇರುತ್ತದೆ. ಈ ಮಾತು ಮಾತ್ರ ಸಣ್ಣ ದನಿಯಲ್ಲಿರುತ್ತದೆ. ಅದನ್ನು ಇನ್ನಷ್ಟು ಜೋರಾಗಿ ಹೇಳಬೇಕಿತ್ತು ಎಂದು ನನಗೆ ಅನ್ನಿಸಿದೆ.

ಅವರ ಕೈಗುಣ ಮಾತ್ರ ಕಾಗದಗಳಲ್ಲಿ ಅಲ್ಲಲ್ಲಿ ಸಿಗುತ್ತದೆ. ಕ್ರಿಸ್ತಪೂರ್ವ 54ರಲ್ಲಿ ರೋಮಿನ ರಾಜಕಾರಣಿ, ಮಾತುಗಾರ ಸಿಸೆರೊ ತನ್ನ ತಮ್ಮನಿಗೆ ಬರೆಯುತ್ತಾನೆ: ನಿನ್ನ ತೋಟದವನನ್ನು ಹೊಗಳಿದೆ, ಮನೆಯ ತಳಗೋಡೆಗೂ ಕಂಬಗಳ ನಡುವೆಯೂ ಐವಿ ಬಳ್ಳಿಯನ್ನು ಎಂಥಾ ಚೆಂದಕ್ಕೆ ಹಬ್ಬಿಸಿದ್ದಾನೆಂದರೆ, ಅಲ್ಲಿ ನಿಂತ ಗ್ರೀಕ್ ಬೊಂಬೆಗಳೇ ತೋಟದ ಕೆಲಸ ಮಾಡುತ್ತ ಐವಿ ಮಾರುತ್ತಿರುವ ಹಾಗೆ ಕಾಣುತ್ತದೆ ಎಂದು.

ಕಿರಿಯ ಪ್ಲಿನಿಗೆ ಇಟಲಿಯ ಅಪೆನೈನ್ ಬೆಟ್ಟದ ಬುಡದಲ್ಲಿ ಇನ್ನೊಂದು ವಿಲ್ಲಾ ಇತ್ತು. ಅಲ್ಲಿ ಬಾಕ್ಸನ್ನು ಎದುರುಬದುರು ನಿಂತ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ್ದರು. ಕೆಳಗೆ ಅಕ್ಯಾಂಥಸ್ ಎಷ್ಟು ಮೆತ್ತಗೆ ಹರಡಿತ್ತೆಂದರೆ ನೀರಿನ ಹಾಗೆ ಎನ್ನಬಹುದು ಅನ್ನುತ್ತಾನೆ. ಊಟಕ್ಕೆ ಒರಗಿ ಕೂರುವ ಅಮೃತಶಿಲೆಯ ಆಸನದ ಅಡಿಯಿಂದ, ಕೂತವರ ಭಾರಕ್ಕೆ ಹಿಂಡಿ ಬಂದಂತೆ ನೀರು ಚಿಮ್ಮುತ್ತಿತ್ತು. ಎದುರಿನ ತೊಟ್ಟಿಯಲ್ಲಿ ಹಗುರಾದ ತಟ್ಟೆಗಳು ದೋಣಿಯ, ಹಕ್ಕಿಯ ಆಕಾರದಲ್ಲಿ ತೇಲುತ್ತ ಬರುತ್ತಿದ್ದವು. ಇಷ್ಟೆಲ್ಲ ಹೇಳುವಾಗ ಪ್ಲಿನಿ ಒಂದು ಮಾತು ಸೇರಿಸುತ್ತಾನೆ. ಬಾಕ್ಸನ್ನು ಅಕ್ಷರಗಳಾಗಿಯೂ ಕತ್ತರಿಸಿದ್ದಾರೆ, ಒಂದು ಕಡೆ ಯಜಮಾನನ ಹೆಸರು, ಒಂದು ಕಡೆ ಅದನ್ನು ಮಾಡಿದವನ ಹೆಸರು ಎಂದು.

ತನ್ನ ಹೆಸರನ್ನು ತಾನೇ ಕತ್ತರಿಸಿ ನಿಲ್ಲಿಸಿದ ಆ ಕೆಲಸಗಾರ ಯಾರು? ಪ್ಲಿನಿ ಕಾಗದದಲ್ಲಿ ಆ ಹೆಸರನ್ನು ಬರೆಯಲಿಲ್ಲ. ಒಂದು ಮಳೆಗಾಲ ಕತ್ತರಿ ಬೀಳದಿದ್ದರೆ ಬೇಲಿಯ ಮೇಲಿನ ಅಕ್ಷರ ಅಳಿಸಿಹೋಗುತ್ತದೆ. ನಾನು ಸಾಲುಸಾಲು ನರ್ಸರಿಗಳಲ್ಲಿ ಕೆಲಸ ಮಾಡಿದವಳು, ಕೂಲಿಗೆ ಬಂದ ಹೆಂಗಸರ ಕೈಯಲ್ಲಿ ಕಸಿ ಕಟ್ಟಿಸಿದವಳು. ನನ್ನ ವರದಿಗಳಲ್ಲಿ ಕಸಿಯ ಸಂಖ್ಯೆ ಇದೆ, ಕಟ್ಟಿದವರ ಹೆಸರಿಲ್ಲ. ಈ ಕಾಗದ ಓದಿದ ರಾತ್ರಿ ಅವರಲ್ಲಿ ನೆನಪಿದ್ದವರ ಹೆಸರನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಹದಿನೇಳು ಬಂದವು.

ನಮ್ಮೂರ ಹಳೆಯ ದೇವಸ್ಥಾನದ ಹಿಂದೆ ಹಿಂದಿನ ಕಾಲದಲ್ಲಿ ಹೂದೋಟ ಇತ್ತು ಎಂದು ಹಿರಿಯರು ಹೇಳುತ್ತಾರೆ. ಈಗ ಕಳೆ ಬೆಳೆದ ಬಯಲು. ಸಮಿತಿಯವರು ಜೆಸಿಬಿ ತರಿಸಿ ಸಮ ಮಾಡಿಸಿ ಹುಲ್ಲುಹಾಸು, ಚೆಂಡುಹೂವು ಹಾಕಿಸಬೇಕೆಂದಿದ್ದಾರೆ. ಫಿಶ್‌ಬೋರ್ನ್ ರೀತಿ ಏನಾದರೂ ಮಾಡಬಹುದೇ ಅಮ್ಮಾ?
– ದೇವಸ್ಥಾನದ ಅರ್ಚಕರು, ಹಾವೇರಿ ಜಿಲ್ಲೆ

ಭಟ್ಟರೇ, ದಯವಿಟ್ಟು ಜೆಸಿಬಿ ತಡೆಯಿರಿ. ಇವತ್ತೇ ತಡೆಯಿರಿ. ಫಿಶ್‌ಬೋರ್ನ್‌ನಲ್ಲಿ ತೋಟ ಸಿಕ್ಕಿದ್ದು ಕೈಯಿಂದ ಕೆರೆದ ಮಣ್ಣಿನಲ್ಲಿ. ಜೆಸಿಬಿಯ ಬಕೆಟ್ ಒಂದು ಸಲ ಎಳೆದರೆ ಪಾತಿಯ ಗುರುತು ಹೋಯಿತು, ಮತ್ತೆ ಯಾವ ವಿದ್ಯೆಯಿಂದಲೂ ಬಾರದು.

ನಮ್ಮ ಶಾಸನಗಳಲ್ಲಿ ದೇವರ ಹೂದೋಟಕ್ಕೆ ಭೂಮಿ ಬಿಟ್ಟ ಮಾತು ಎಷ್ಟೋ ಕಡೆ ಬರುತ್ತದೆ. ನಿಮ್ಮಲ್ಲಿ ಶಾಸನದ ಕಲ್ಲು ಇದ್ದರೆ ಅದನ್ನು ಓದಬಲ್ಲವರಿಗೆ ತೋರಿಸಿ. ಗುಡಿ ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಗುದ್ದಲಿಯನ್ನೂ ಹಾಕಬೇಡಿ. ಸಂರಕ್ಷಿತ ಅಲ್ಲದಿದ್ದರೂ ಅಗೆಯುವುದಕ್ಕೆ ಮೊದಲು ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರನ್ನು ಕರೆಸಿ. ಅವರು ಒಪ್ಪಿ, ಎದುರಿಗೇ ನಿಂತರೆ, ಎರಡಡಿ ಅಗಲ, ಮೂರಡಿ ಆಳದ ಒಂದು ಗುಂಡಿ ಸಾಕು. ಗುಂಡಿಯ ಗೋಡೆಯನ್ನು ಕರಣೆಯಲ್ಲಿ ನಯಮಾಡಿ, ನೀರು ಚಿಮುಕಿಸಿ, ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ. ಎರೆಮಣ್ಣಿನ ಸೀಮೆ ನಿಮ್ಮದು, ಅಲ್ಲಿ ಕೆಂಪು ಪಟ್ಟಿ ಕಂಡರೂ, ಬೂದಿ ಬಣ್ಣ ಕಂಡರೂ, ಹಳೆಯ ಕಾಲುವೆಯ ಕಲ್ಲು ಕಂಡರೂ ಅಲ್ಲಿಗೆ ನಿಲ್ಲಿಸಿ.

ಗಿಡದ ವಿಷಯ. ಚೆಂಡುಹೂವು, ಸುಗಂಧರಾಜ, ದೇವಕಣಗಿಲೆ ಮೂರೂ ಅಮೆರಿಕ ಖಂಡದಿಂದ ಬಂದವು. ನಿಮ್ಮ ಗುಡಿ ಕಟ್ಟಿದ ಕಾಲದಲ್ಲಿ ಈ ನೆಲದಲ್ಲಿ ಇರಲಿಲ್ಲ. ದೇವರಿಗೆ ಏರಿಸಬಾರದು ಎಂದು ನಾನು ಹೇಳುತ್ತಿಲ್ಲ, ಹಳೆಯ ತೋಟ ಎಂದು ಬೋರ್ಡು ಹಾಕುವುದಾದರೆ ಬೇಡ. ಸಂಪಿಗೆ, ಸುರಗಿ, ಪಾರಿಜಾತ, ಕಣಗಿಲೆ, ಮಲ್ಲಿಗೆ, ಬಿಲ್ವ ಇವು ಸಾಕಷ್ಟಾಯಿತು. ಸುರಗಿ ನಿಮ್ಮ ಬಯಲುಸೀಮೆಯ ಬಿಸಿಲಿಗೆ ಕಷ್ಟ, ನೆರಳಿನ ಮಗ್ಗುಲು ಇದ್ದರೆ ಮಾತ್ರ.

ಇದಕ್ಕೆಲ್ಲ ಮುಂಚೆ ಇನ್ನೊಂದು ಕೆಲಸ. ಊರಿನ ಎಂಬತ್ತು ದಾಟಿದವರ ಬಳಿ ಹೋಗಿ ಕೂತು ಕೇಳಿ: ಬಾವಿ ಎಲ್ಲಿತ್ತು, ಮೊದಲ ಹೂವು ಯಾವ ಮೂಲೆಯಿಂದ ಕೊಯ್ಯುತ್ತಿದ್ದರು, ನೀರು ಹೊತ್ತು ಹಾಕುತ್ತಿದ್ದವರು ಯಾರ ಮನೆಯವರು. ಹೆಸರು ಹೇಳಿದರೆ ಹೆಸರು ಬರೆದುಕೊಳ್ಳಿ. ಗುಂಡಿಯ ಗೋಡೆಯ ಫೋಟೊವನ್ನೂ ಆ ಹೆಸರುಗಳನ್ನೂ ನನಗೆ ಕಳಿಸಿ. ಮಳೆಗಾಲಕ್ಕೆ ಮೊದಲು ನಾನೇ ಒಂದು ಸಲ ಬರುತ್ತೇನೆ.